ದೂರದ ಸ್ವಿಚ್ಚು

ರೈಲು ಭರೂಚ್ ಬಿಡುವ ಹೊತ್ತಿಗೆ ಮೊಬೈಲು ಮತ್ತೆ ಕೂಗಿಕೊಂಡಿತು. ಸ್ಕಂದನಿಗೆ ನೋಡುವ ಮೊದಲೇ ಗೊತ್ತಾಯಿತು. ಸೂರತ್ತಿನ ಕತಾರ್‌ಗಾಮಿನಲ್ಲಿ, ಅವನೊಬ್ಬನೇ ಕಾಯುವ ಡೇಟಾ ಸೆಂಟರಿನಲ್ಲಿ, ಸರ್ವರುಗಳೆಲ್ಲ ಆಫ್ ಆಗಿದ್ದವು. ಹೀಗಾಗುತ್ತಿರುವುದು ಇದು ಸತತ ಮೂರನೇ ಭಾನುವಾರ.

ಕರೆಂಟು ಹೋದದ್ದಲ್ಲ. ಕರೆಂಟು ಹೋದರೆ ಬ್ಯಾಟರಿ ಇದೆ, ಬ್ಯಾಟರಿ ಮುಗಿದರೆ ಜನರೇಟರ್ ಇದೆ. ಯಾರೋ ದೂರದಿಂದ ಲಾಗಿನ್ ಆಗಿ ಬೇಕೆಂದೇ ಆರಿಸುತ್ತಿದ್ದರು. ಹಾಗೆ ಆರಿಸಿದರೆ ದೂರದ ಸಂಪರ್ಕ ಕೊಡುವ ಯಂತ್ರವೂ ಆರಿಹೋಗುತ್ತಿತ್ತು. ಮತ್ತೆ ಹೊತ್ತಿಸಬೇಕೆಂದರೆ ಅಲ್ಲಿಗೇ ಹೋಗಿ ಕೈಯಿಂದ ಸ್ವಿಚ್ಚು ಒತ್ತಬೇಕು. ಒತ್ತುವವನು ಸ್ಕಂದನೇ.

ಅತ್ತ ವಡೋದರಾದ ಫತೇಗಂಜಿನಲ್ಲಿ ಪ್ರಾರ್ಥನಾ ಕಾಯುತ್ತಿದ್ದಳು. ಹಿರಿಯರು ನೋಡಿ ಒಪ್ಪಿದ ಸಂಬಂಧ, ನಿಶ್ಚಿತಾರ್ಥವೂ ಆಗಿತ್ತು. ರೈಲಿನಲ್ಲಿ ಅವನಿಗೆ ಸಿಗ್ನಲ್ ಆಗಾಗ ತಪ್ಪುತ್ತದೆಂದು, ಅವನು ಬರುವಷ್ಟು ಹೊತ್ತು ತನ್ನ ಫೋನಿನಲ್ಲೇ ಸರ್ವರುಗಳ ಮೇಲೆ ಕಣ್ಣಿಡುತ್ತಿದ್ದಳು. ಅಂಥ ಹುಡುಗಿ ಯಾರಿಗೆ ಸಿಗುತ್ತಾಳೆ?

“ಪೂರ್ತಿ ಆಫ್ ಇದೆ. ನಾನೂ ಟ್ರೈ ಮಾಡ್ದೆ, ಕನೆಕ್ಟೇ ಆಗ್ತಿಲ್ಲ,” ಎಂದಳು. “ನೀವು ವಾಪಸ್ ಹೋಗಿ. ಪಪ್ಪಾಗೆ ನಾನು ಹೇಳ್ತೀನಿ.”

ಪಪ್ಪಾ ವಾಸುದೇವರಾಯರು ಫೋನ್ ಕಿತ್ತುಕೊಂಡರು. “ನೋಡಪ್ಪಾ, ಪ್ರತಿ ವಾರ ಅಡುಗೆ ಮಾಡಿ ಕಾಯೋದು, ನೀನು ಕೈ ಕೊಡೋದು. ಬರೋ ಭಾನುವಾರವೂ ಬರ್ಲಿಲ್ಲ ಅಂದ್ರೆ ಈ ಸಂಬಂಧ ಇಲ್ಲಿಗೇ ಸಾಕು.”

ಸ್ಕಂದ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂತಿರುಗಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಕೊರೆಯುತ್ತಿದ್ದುದು ಒಂದೇ ಹೆಸರು, ಉಮಾಕಾಂತ.

ಉಮಾಕಾಂತ ಅವನ ಮೇಲಧಿಕಾರಿ. ಧಾರವಾಡದವರು. ಅಹಮದಾಬಾದಿನ ಮಣಿನಗರದ ಮನೆಯಲ್ಲಿ ಕೂತೇ ಸೂರತ್ತಿನ ಯಂತ್ರಗಳನ್ನು ನಡೆಸುತ್ತಿದ್ದರು. ‘ರವಿವಾರ ಬಂತಂದ್ರ ಎಲ್ಲಿಗೆ ಓಡ್ತಿಯೋ’ ಎಂದು ಎರಡು ಸಲ ಗೊಣಗಿದ್ದರು ಬೇರೆ. ಲಾಗಿನ್ ಎಲ್ಲರಿಗೂ ಒಂದೇ ಆದ್ದರಿಂದ ಆರಿಸಿದ್ದು ಯಾರೆಂದು ಯಂತ್ರ ಹೇಳುತ್ತಿರಲಿಲ್ಲ. ಸ್ಕಂದ ಹೇಳಿದ. ಮಾಲೀಕರಿಗೆ ನೇರವಾಗಿ, ಕಣ್ಣಾರೆ ಕಂಡವನಂತೆ ಹೇಳಿದ. ಶುಕ್ರವಾರ ಉಮಾಕಾಂತರ ಕೆಲಸ ಹೋಯಿತು.

ಅವರು ಫೋನ್ ಮಾಡಿದರು. “ನಾ ಯಾಕ ಆರಸ್ಲೋ ತಮ್ಮಾ? ನಿನ್ನ ಈ ಕೆಲಸಕ್ಕ ಹಚ್ಚಿದಾಂವಾ ನಾನ. ಈ ವಯಸ್ಸಿನ್ಯಾಗ ನನಗ್ಯಾರು ಕೆಲಸ ಕೊಡ್ತಾರ? ಒಂದ್ಸಲ ಹೇಳೋ ಅವರಿಗೆ, ನಾ ಅಲ್ಲಂತ.”

“ನೀವಲ್ಲದೆ ಇನ್ಯಾರು ಸರ್?” ಎಂದು ಸ್ಕಂದ ಫೋನಿಟ್ಟ. ಮರುಕ ಬರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಶನಿವಾರ ಹಳೆಯ ಪಾಸ್‌ವರ್ಡನ್ನು ಅಳಿಸಿ, ಹೊಸದನ್ನು ಇಟ್ಟು ನಿರಾಳನಾದ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೈಲು ಹತ್ತಿದ. ಭರೂಚ್ ದಾಟಿತು, ಮೊಬೈಲು ತೆಪ್ಪಗಿತ್ತು. ಕರ್ಜನ್ ಕೂಡ ದಾಟಿತು. ಸಂತೋಷ ತಡೆಯಲಾರದೆ ಪ್ರಾರ್ಥನಾಳಿಗೆ ಫೋನ್ ಮಾಡಿದ.

“ಈ ಸಲ ಬಂದೇಬಿಟ್ಟೆ! ಇನ್ನು ಅರ್ಧ ಗಂಟೆ, ಅಷ್ಟೇ. ಆ ಮನುಷ್ಯನ ಕಾಟ ಮುಗೀತು.”

“ಅಷ್ಟು ಹತ್ರ ಬಂದ್ಬಿಟ್ರಾ?” ಎಂದಳು. “ನಾನು ರೈಲು ಲೇಟ್ ಅಂದ್ಕೊಂಡಿದ್ದೆ. ಇಡ್ತೀನಿ, ಸ್ವಲ್ಪ ಕೆಲಸ ಇದೆ.”

ನಾಚಿಕೊಂಡಳು ಪಾಪ, ಎಂದುಕೊಂಡು ಸ್ಕಂದ ತಲೆ ಬಾಚಿಕೊಳ್ಳತೊಡಗಿದ. ಬಾಚಣಿಗೆ ಜೇಬಿಗೆ ಹೋಗುವ ಮೊದಲೇ ಮೊಬೈಲು ಕೂಗಿತು. ದೂರದಿಂದ ಯಾರೋ ಲಾಗಿನ್ ಆಗಿ ಎಲ್ಲವನ್ನೂ ಆಫ್ ಮಾಡಿದ್ದರು.

ಹೊಸ ಪಾಸ್‌ವರ್ಡನ್ನು ಅವನು ಕೊಟ್ಟಿದ್ದು ಪ್ರಾರ್ಥನಾ ಒಬ್ಬಳಿಗೇ.