ಗಿರಣಿ ನಿಲ್ಲಿಸಿದ ಕಂಪ್ಯೂಟರ್

ಸ್ವಿಚ್ ಒತ್ತಿದ. ಏನೂ ಆಗಲಿಲ್ಲ. ಹೈದರಾಬಾದಿನಿಂದ ಬಂದ ಕಂಪನಿಯವನು ಬೆವರು ಒರೆಸಿಕೊಂಡು ಮತ್ತೆ ಒತ್ತಿದ. ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ. ಆದವಾನಿಯ ಆ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ, ದೇವರ ಮನೆಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು ನಿಂತಿದ್ದ ಹದಿನಾರು ಹುಡುಗಿಯರು ಕಿಸಕ್ಕನೆ ನಕ್ಕರು.

ಜಾನಕಿಬಾಯಿಗೆ ಮಾತ್ರ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅದೇ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವಳು. ಈ ಎಂಬತ್ತೇಳರ ಯುಗಾದಿಗೆ ಕಂಪನಿಯವರು ಒಂದು ಯಂತ್ರವನ್ನು ಪರೀಕ್ಷೆಗೆಂದು ಕೊಡುತ್ತಾರೆ ಎಂದು ತಿಳಿದಾಗಿನಿಂದ ಇನ್‌ಸ್ಟಿಟ್ಯೂಟ್ ನಡೆಸುವ ಅಣ್ಣ ಸೇತುಮಾಧವನ ಬೆನ್ನು ಹತ್ತಿ, ಅವನ ತಲೆ ತಿಂದು, ಹೂಂ ಅನ್ನಿಸಿಕೊಂಡಿದ್ದಳು. ನಲವತ್ತೆರಡು ವರ್ಷದಲ್ಲಿ ತನಗಾಗಿ ಇದು ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಮಧ್ಯಾಹ್ನ ಹನ್ನೆರಡರೊಳಗೆ ಯಂತ್ರ ನಡೆಯದಿದ್ದರೆ ಜೀಪಿಗೆ ಹಾಕಿಕೊಂಡು ಕರ್ನೂಲಿಗೆ ಒಯ್ಯುತ್ತೇನೆ, ಅಲ್ಲಿ ಬೇಕೆನ್ನುವವರು ಕಾದಿದ್ದಾರೆ ಎಂದು ಕಂಪನಿಯವನು ಆಗಲೇ ಹೇಳಿಯಾಗಿತ್ತು.

ಅವನು ಪ್ಲಗ್ ಕಿತ್ತು ಸಿಕ್ಕಿಸಿದ. ಫ್ಯೂಸ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ವೈರು ಬದಲಿಸಿದ. ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಹಚ್ಚಿದರೆ ಕೆಂಪಗೆ ಹೊತ್ತುತ್ತಿತ್ತು, ತಲೆಯ ಮೇಲೆ ಫ್ಯಾನೂ ತಿರುಗುತ್ತಿತ್ತು.

"ಮುಖ ದಕ್ಷಿಣಕ್ಕ ಅದ. ಪೂರ್ವಕ್ಕ ತಿರುಗಿಸಿ ನೋಡ್ರಿ," ಎಂದ ಸೇತುಮಾಧವ.

ತಿರುಗಿಸಿದರು. ಪೂರ್ವಕ್ಕೆ ಮುಖ ಮಾಡಿಯೂ ಅದು ತೆಪ್ಪಗೆ ಕೂತಿತು.

"ಕರೆಂಟು ಉಂದಿ, ಫ್ಯೂಸು ಬಾಗುಂದಿ. ಮಿಷನೇ ಪೋಯಿಂದಿ," ಎಂದು ಕಂಪನಿಯವನು ತೆಲುಗಿನಲ್ಲಿ ತೀರ್ಪು ಕೊಟ್ಟು ರಟ್ಟಿನ ಡಬ್ಬ ಎಳೆದುಕೊಂಡ. ಕರೆಂಟಿದೆ, ಫ್ಯೂಸೂ ಸರಿಯಿದೆ, ಯಂತ್ರವೇ ಹೋಗಿದೆ ಎಂದಮೇಲೆ ಹೇಳುವುದೇನು?

"ಹೋಗ್ಲಿ ಬಿಡು ಜಾನಕಿ, ನಮ್ಮ ಟೈಪ್‌ರೈಟರ್ ಇದ್ದೇ ಅವಲ್ಲ," ಎಂದ ಅಣ್ಣ.

ಆದರೆ ಜಾನಕಿಬಾಯಿ ಪಾಠ ಹೇಳುವುದು ಕಿವಿಯಿಂದ. ಹನ್ನೆರಡು ಟೈಪ್‌ರೈಟರ್ ಒಟ್ಟಿಗೆ ಬಡಿಯುತ್ತಿದ್ದರೂ, ಬೆನ್ನು ತಿರುಗಿಸಿಕೊಂಡೇ "ಆದಿಲಕ್ಷ್ಮಿ, ಕಿರುಬೆರಳು" ಎನ್ನಬಲ್ಲ ಕಿವಿ. ಅದೇ ಹೊತ್ತಿಗೆ ಪಕ್ಕದ ಲಿಂಗಕ್ಕನ ಹಿಟ್ಟಿನ ಗಿರಣಿಯ ಬೆಲ್ಟು ಕಳಚಿ ಗಿರಣಿ ಗಕ್ಕನೆ ನಿಂತಿತು. ಫ್ಯಾನು ಚುರುಕಾಯಿತು. ಕಂಪ್ಯೂಟರಿಗೆಂದು ಮೂಲೆಯಲ್ಲಿಟ್ಟಿದ್ದ ಸ್ಟೆಬಿಲೈಸರ್ 'ಟಕ್' ಎಂದಿತು. ಬೆಲ್ಟು ಹಾಕಿ ಗಿರಣಿ ಗುರುಗುಟ್ಟಿದ್ದೇ ತಡ, ಫ್ಯಾನು ಮತ್ತೆ ಜೋಲುಮುಖ ಹಾಕಿತು. ಸ್ಟೆಬಿಲೈಸರ್ ಇನ್ನೊಮ್ಮೆ 'ಟಕ್' ಎಂದು ಸುಮ್ಮನಾಯಿತು.

ಆ ಎರಡು 'ಟಕ್' ಕೇಳಿದ್ದೇ ಜಾನಕಿಬಾಯಿಗೆ ಹೊಳೆಯಿತು. ಕರೆಂಟೇನೋ ಇತ್ತು, ಆದರೆ ಗಿರಣಿ ಉಂಡು ಮಿಕ್ಕ ಕರೆಂಟು. ಅಷ್ಟು ಸಣ್ಣ ಕರೆಂಟನ್ನು ಸ್ಟೆಬಿಲೈಸರ್ ಕಂಪ್ಯೂಟರಿಗೆ ಬಿಡುತ್ತಲೇ ಇರಲಿಲ್ಲ. ಕರೆಂಟ್ ಇರುವಷ್ಟು ಹೊತ್ತೂ ಗಿರಣಿ ತಿರುಗುವುದರಿಂದ, ರೆಕ್ಕೆ ಎಣಿಸುವಷ್ಟು ನಿಧಾನವಾಗಿ ತಿರುಗುವುದೇ ಫ್ಯಾನಿನ ಗುಣ ಎಂದು ಆ ಓಣಿಯವರೆಲ್ಲ ನಂಬಿದ್ದರು. ಹೈದರಾಬಾದಿನವನು ಪಾಪ, ಫ್ಯಾನು ಹಳೆಯದಿರಬೇಕು ಅಂದುಕೊಂಡಿದ್ದ.

"ಡಬ್ಬ ಕಟ್ಟಬ್ಯಾಡ್ರಿ, ಬಂದೆ," ಎಂದವಳೇ ಜಾನಕಿಬಾಯಿ ಸೆರಗು ಸಿಕ್ಕಿಸಿಕೊಂಡು ಓಡಿದಳು. ಅವಳು ಓಡಿದ್ದನ್ನು ಆ ಹುಡುಗಿಯರು ಎಂದೂ ಕಂಡಿರಲಿಲ್ಲ.

ಗಿರಣಿಯಲ್ಲಿ ಜೋಳದ ಪುಟ್ಟಿಗಳ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಹುಬ್ಬಿಗೂ ಹಿಟ್ಟು ಮೆತ್ತಿಕೊಂಡ ಲಿಂಗಕ್ಕ ಕಲ್ಲಿಗೆ ಕಾಳು ಸುರಿಯುತ್ತಿದ್ದಳು.

"ಲಿಂಗಕ್ಕ, ಒಂದು ತಾಸು ಗಿರಣಿ ನಿಲ್ಲಸ್ತೀಯೇನವಾ? ನಮ್ಮ ಕಂಪ್ಯೂಟರಿಗೆ ಕರೆಂಟ್ ಸಾಲವಲ್ದು."

"ನಿಮ್ಮ ಕಂಪ್ಯೂಟರು ಏನು ಬೀಸ್ತೈತ್ರಿ ಟೀಚರಮ್ಮ?"

"ಇನ್ನಾ ಏನೂ ಬೀಸಿಲ್ಲ. ಅದಕ್ಕ ಬಂದೀನಿ."

ಸಾಲಿನ ಹೆಂಗಸರು ಬಿದ್ದುಬಿದ್ದು ನಕ್ಕರು. ಲಿಂಗಕ್ಕ ನಗದೆ ಕೇಳಿದಳು, "ಇವತ್ತೊಂದೇ ದಿನಾನೋ, ದಿನಾ ಬೇಕೋ?"

"ದಿನಾ ಬೇಕು. ಹನ್ನೊಂದರಿಂದ ಹನ್ನೆರಡು."

ಲಿಂಗಕ್ಕ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದಳು. "ಹೆಂಗೂ ಆ ಹೊತ್ತಿಗೆ ಕಲ್ಲು ಕಾದಿರತೈತಿ, ಆರಬೇಕು. ನಿಲ್ಲಸ್ತೀನಿ. ಆದ್ರ ಅಷ್ಟೊತ್ತು ನಾ ಸುಮ್ಮನ ಕುಂದ್ರಾಕಿ ಅಲ್ರಿ. ಏಳನೇ ಕ್ಲಾಸ್ ಮಟ ಓದೀನಿ, ಎಬಿಸಿಡಿ ಬರ್ತೈತಿ. ನನಗೂ ಒಂದು ಕುರ್ಚಿ ಹಾಕ್ರಿ."

"ಹಾಕ್ತೀನಿ, ಬಾ," ಎಂದಳು ಜಾನಕಿಬಾಯಿ. ಅಣ್ಣನನ್ನು ಕೇಳಬೇಕೆಂಬ ನೆನಪೂ ಅವಳಿಗೆ ಬರಲಿಲ್ಲ.

ಗಿರಣಿ ನಿಂತಿತು. ಓಣಿಯೆಲ್ಲ ಒಮ್ಮೆಲೇ ಹಗುರಾದಂತಾಯಿತು. ಸ್ಟೆಬಿಲೈಸರ್ 'ಟಕ್' ಎಂದದ್ದು ಈಗ ಎಲ್ಲರಿಗೂ ಕೇಳಿಸಿತು. ಜಾನಕಿಬಾಯಿಯೇ ಸ್ವಿಚ್ ಒತ್ತಿದಳು. ಒಳಗೇನೋ ಗುಂಯ್ ಎಂದಿತು, ಸಣ್ಣಗೊಂದು ಸಿಳ್ಳೆ ಕೇಳಿತು, ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರಗಳು ಒಂದರ ಹಿಂದೊಂದು ಎದ್ದು ಬಂದವು. ಜೋಳದ ಪುಟ್ಟಿ ಬಿಟ್ಟು ಓಡಿಬಂದ ಹೆಂಗಸರು, ಹುಡುಗಿಯರು ಎಲ್ಲ ಸೇರಿ ಚಪ್ಪಾಳೆ ಹೊಡೆದರು. ಜಾನಕಿಬಾಯಿ ಅಳುತ್ತಲೇ ನಕ್ಕಳು. ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ. ರಿಪೋರ್ಟಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಕಂಪನಿಯವನು ಪೆನ್ನು ಕಚ್ಚುತ್ತ ಕೂತ.

ಮರುದಿನ ಹನ್ನೊಂದಕ್ಕೆ ಸರಿಯಾಗಿ ಗಿರಣಿ ನಿಂತಿತು. ಇರುವ ಒಂದು ತಾಸಿನಲ್ಲಿ ಕೈತೊಳೆಯುತ್ತ ಕೂತರೆ ಹೇಗೆಂದು ಲಿಂಗಕ್ಕ ಹಿಟ್ಟಿನ ಕೈಯಲ್ಲೇ ಬಂದು ಕುರ್ಚಿಯಲ್ಲಿ ಕೂತಳು. ಮೊದಲ ಪಾಠವಾದ ನಡುಸಾಲಿನ ಕೀಲಿಗಳ ಮೇಲೆ ಜಾನಕಿಬಾಯಿ ಹೇಳಿದಂತೆ ಒಂದೊಂದೇ ಬೆರಳಿಟ್ಟು, ಒತ್ತಿದ ಅಕ್ಷರ ಗಾಜಿನ ಮೇಲೆ ಮೂಡಿದಾಗಲೆಲ್ಲ "ಬಂತು ನೋಡ್ರಿ" ಎನ್ನುತ್ತ ಕಲಿತು, ಹನ್ನೆರಡಕ್ಕೆ ಎದ್ದು ಓಡಿದಳು.

ಕಂದು ಕೀಲಿಗಳಲ್ಲಿ ನಡುವಿನ ಸಾಲಿನುದ್ದಕ್ಕೂ ಹಿಟ್ಟಿನ ಬೆರಳಚ್ಚು ಬಿದ್ದಿತ್ತು. ಮೇಲಿನ ಸಾಲು, ಕೆಳಗಿನ ಸಾಲು ಹಾಗೇ ಇದ್ದವು. ಸೇತುಮಾಧವ ಲೊಚಗುಟ್ಟುತ್ತ ಬಟ್ಟೆ ತಂದ. ಜಾನಕಿಬಾಯಿ ಅವನ ಕೈ ಹಿಡಿದಳು.

"ಒರಸಬ್ಯಾಡ ಅಣ್ಣ. ನಾಳೆ ಎಲ್ಲಿಂದ ಸುರು ಮಾಡಬೇಕಂತ ಆಕಿಗೆ ಗೊತ್ತಾಗ್ಲಿ."