ಹೊಸ ಅಕ್ಕಿ

“ಗದ್ದಿ ಮಾರಿದ್ದು ನಿಮಗ ಯಾವಾಗ ಗೊತ್ತಾತು ಅಮ್ಮಾರ?” ವಕೀಲೆ ಗಂಗೋತ್ರಿ ಪೆನ್ನಿನ ಮುಚ್ಚಳ ತೆಗೆಯುತ್ತಾ ಕೇಳಿದಳು.

ಪದ್ಮಾಬಾಯಿ ಬಾಯಿ ತೆರೆಯುವ ಮೊದಲೇ ಮಗಳು ಶ್ರೀಕೃತಿ ಉತ್ತರ ಕೊಟ್ಟಳು. “ಹೋದ ತಿಂಗಳು ಮೇಡಂ. ಮೊಬೈಲಿನ್ಯಾಗ ಪಹಣಿ ತೆಗೆದು ನೋಡಿದೆ. ಬ್ಯಾರೆಯವರ ಹೆಸರು ಅದ.”

ವಿಷಯ ಇಷ್ಟೇ. ಸಿರಿಗೇರಿಯ ಹತ್ತಿರದ ಆ ಗದ್ದೆಯನ್ನು ಪದ್ಮಾಬಾಯಿಗೆ ಅವಳಪ್ಪ ಅರಿಷಿಣ-ಕುಂಕುಮಕ್ಕೆಂದು ಬರೆದುಕೊಟ್ಟಿದ್ದ. ಬಳ್ಳಾರಿಯ ಪಾರ್ವತಿನಗರದಲ್ಲಿ ಕೂತು ಗದ್ದೆ ನೋಡಿಕೊಳ್ಳುವುದು ಆಗದ ಮಾತು. ಅದಕ್ಕೇ ಅವಳು ಕುರುಗೋಡಿನಲ್ಲಿ ಮೇಷ್ಟ್ರಾಗಿದ್ದ ತಮ್ಮ ಪ್ರಹ್ಲಾದನಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದಳು. ಅವನೋ, ಯಾರಿಗೋ ಜಾಮೀನು ನಿಂತು ಸಿಕ್ಕಿಬಿದ್ದಾಗ ಅದೇ ಕಾಗದ ಹಿಡಿದು ಗದ್ದೆ ಮಾರಿ ಬಚಾವಾಗಿದ್ದ. ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ, ಒಂದು ಪೈಸೆಯೂ ಕೊಟ್ಟಿರಲಿಲ್ಲ. ಅಕ್ಕಿ ಮಾತ್ರ ತಪ್ಪಿಸಿರಲಿಲ್ಲ. ಪ್ರತಿ ಸಂಕ್ರಾಂತಿಗೂ ಏದುಸಿರು ಬಿಡುತ್ತಾ ಒಂದು ಚೀಲ ಹೊತ್ತು ತಂದು, “ನಿನ್ನ ಗದ್ದೀದು ಅಕ್ಕಾ, ಹೊಸ ಅಕ್ಕಿ” ಎಂದು ಅಡುಗೆಮನೆಯಲ್ಲಿಟ್ಟು, ಊಟ ಮಾಡಿ ಹೋಗುತ್ತಿದ್ದ.

“ಕೇಸು ಗಟ್ಟಿ ಐತಿ,” ಗಂಗೋತ್ರಿ ಹುರುಪಿನಿಂದ ಅಂದಳು. “ನನ್ನ ಪರವಾಗಿ ನೋಡ್ಕೋ ಅಂತ ನೀವು ನಂಬಿ ಕೊಟ್ಟ ಅಧಿಕಾರ. ಅದನ್ನ ತನಗೋಸ್ಕರ ಬಳಸಿದ್ರ ವಿಶ್ವಾಸದ್ರೋಹ. ಮಾರಿದ ರೊಕ್ಕ ಬಡ್ಡಿ ಸಮೇತ ಕಕ್ಕಬೇಕಾಗತೈತಿ. ಆದ್ರ ಗೊತ್ತಾದ ಮೂರು ವರ್ಷದೊಳಗ ಕೋರ್ಟಿಗೆ ಬರಬೇಕು. ಹೋದ ತಿಂಗಳು ಅಂದ್ರ ಚಿಂತಿ ಇಲ್ಲ ಬಿಡ್ರಿ.”

“ಹೋದ ತಿಂಗಳಲ್ರಿ,” ಪದ್ಮಾಬಾಯಿ ಮೆಲ್ಲಗೆ ಅಂದಳು. “ಐದು ವರ್ಷ ಆತು.”

“ಅಮ್ಮಾ! ಏನು ಮಾತಾಡ್ಲಿಕ್ಕತ್ತೀ?”

“ಮಾರಿದ ಮ್ಯಾಲ ತಂದ ಮೊದಲನೇ ಚೀಲದ ಅಕ್ಕಿ ತೆಗೆದು ಅನ್ನಕ್ಕಿಟ್ಟೆ ನೋಡ್ರಿ, ಉದುರುದುರಾತು. ಹೊಸ ಅಕ್ಕಿ ಎಲ್ಲ್ಯಾರ ಹಂಗ ಆಗ್ತದೇನ್ರಿ? ಮುದ್ದಿ ಆಗಬೇಕು. ಅದು ವರ್ಷ ಕಳೆದ ಅಕ್ಕಿ, ಅಂಗಡ್ಯಾಗ ತುಟ್ಟಿ. ಪಾಪ, ಅಕ್ಕಗ ಕೊಡೋದು ಅಂತ ಛಲೋದೇ ನೋಡಿ ತಂದಾನ. ಒಂದಿನಾ ಒಲಿ ಮುಂದ ನಿಂತವನಲ್ಲ, ಅವಗೇನು ಗೊತ್ತು! ಮರುದಿನ ಬಸ್ ಹತ್ತಿ ಸಿರಿಗೇರಿಗೆ ಹೋದೆ. ನನ್ನ ಗದ್ದ್ಯಾಗ ಬ್ಯಾರೆ ಮಂದಿ ನಾಟಿ ಹಚ್ಚಲಿಕ್ಕತ್ತಿದ್ರು. ಕೊಂಡೀವಿ ಅಂದ್ರು. ಸುಮ್ಮನ ತಿರುಗಿ ಬಂದೆ.”

ಶ್ರೀಕೃತಿ ಅಮ್ಮನ ಎರಡೂ ಕೈ ಹಿಡಿದುಕೊಂಡಳು. “ಕೈ ಮುಗೀತೀನಿ ಅಮ್ಮಾ, ಹೋದ ತಿಂಗಳು ಅಂತ ಒಂದು ಮಾತು ಹೇಳಿಬಿಡು. ನಿನ್ನದು ಅಂತ ಇದ್ದದ್ದು ಅದೊಂದೇ.”

“ಪ್ರಹ್ಲಾದ ಐದು ವರ್ಷ ಸುಳ್ಳು ಹೇಳಿ ಸೊರಗ್ಯಾನ. ಈಗ ನಾನೂ ಶುರು ಮಾಡ್ಲೇನು?”

ಗಂಗೋತ್ರಿ ಪೆನ್ನು ಕೆಳಗಿಟ್ಟಳು. ಗಟ್ಟಿ ಕೇಸೊಂದು ಕಣ್ಣೆದುರೇ ಕೈಬಿಟ್ಟು ಹೋಗಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದುರಿಗೆ ಕೂತ ಈ ಹೆಂಗಸಿನ ಮೇಲೆ ಯಾಕೋ ಅಕ್ಕರೆಯೇ ಉಕ್ಕಿತು.

“ಅವತ್ತೇ ಅವರನ್ನ ಯಾಕ ಕೇಳಲಿಲ್ಲ ಅಮ್ಮಾರ?”

“ಕೇಳಿದ್ರ ಗದ್ದಿ ವಾಪಸ್ ಬರ್ತಿತ್ತೋ ಇಲ್ಲೋ, ಅವ ಮಾತ್ರ ಬರೋದು ಬಿಡ್ತಿದ್ದ. ತವರುಮನಿ ಅಂತ ನನಗ ಉಳಿದವ ಅವನೊಬ್ಬನೇ ಅಲ್ಲೇನ್ರಿ?”

ಶ್ರೀಕೃತಿಯ ಕಣ್ಣು ತುಂಬಿಕೊಂಡವು. ಮಾಮನ ಮೇಲಿನ ಸಿಟ್ಟಿಗೋ ಅಮ್ಮನ ಮೇಲಿನ ಮರುಕಕ್ಕೋ ಅವಳಿಗೇ ತಿಳಿಯಲಿಲ್ಲ. ಹಿಡಿದ ಕೈಯನ್ನಂತೂ ಬಿಡಲಿಲ್ಲ.

“ಇನ್ನ ಕೇಸು ನಿಲ್ಲಂಗಿಲ್ರಿ,” ಗಂಗೋತ್ರಿ ಅಂದಳು. “ಒಂದು ನೋಟೀಸಾದ್ರೂ ಕಳಿಸ್ತೀನಿ. ನಿಮಗ ಎಲ್ಲಾ ಗೊತ್ತೈತಿ ಅಂತ ಅವರಿಗೂ ಗೊತ್ತಾಗ್ಲಿ. ಏನಂತ ಬರೀಲಿ?”

ಪದ್ಮಾಬಾಯಿ ಸೆರಗು ಸರಿಮಾಡಿಕೊಂಡಳು.

“ಸಂಕ್ರಾಂತಿಗೆ ಬರೋದು ತಪ್ಪಿಸಬ್ಯಾಡ ಅಂತ ಬರೀರಿ. ಮತ್ತ, ನಿಮ್ಮಕ್ಕನ ಹಲ್ಲು ಬಿದ್ದಾವ, ಉದುರನ್ನ ಅಗೀಲಿಕ್ಕೆ ಆಗೂದಿಲ್ಲ, ಈ ಸಲ ಖರೇನ ಹೊಸ ಅಕ್ಕಿ ತಾ ಅಂತ ಬರೀರಿ.”