ಅಪ್ರದಕ್ಷಿಣೆ

ಪಾರ್ಕಿನ ಗೇಟು ದಾಟಿದ್ದೇ ತಡ, ಮಲ್ಲಿಕಾರ್ಜುನಯ್ಯ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. "ನೀನು ಸುತ್ತಿ ಬಾ. ನಾನು ಜೊತೇಲಿದ್ರೆ ನಿನಗೂ ನಡೆದ ಹಾಗಾಗಲ್ಲ" ಎಂದರು ಹೆಂಡತಿಗೆ.

ಮೊಮ್ಮಗಳು ಲಾಸ್ಯಾಗೆ ಅಳು ಬರುವುದೊಂದು ಬಾಕಿ. ಸೊಂಟದ ಆಪರೇಷನ್ ಆದಮೇಲೆ, ಕೋಲು ಬಿಡಿ ಎಂದು ಡಾಕ್ಟರೇ ಹೇಳಿದರೂ ತಾತ ಬಿಟ್ಟಿರಲಿಲ್ಲ, ವಾಕಿಂಗ್ ಬಿಟ್ಟಿದ್ದರು. ಅವರಿಲ್ಲದೆ ನಾನೂ ಒಲ್ಲೆ ಎಂದು ಮಹಾನಂದಜ್ಜಿ ಮನೆಯಲ್ಲೇ ಕೂತು ಸಕ್ಕರೆ ಕಾಯಿಲೆ ಏರಿಸಿಕೊಂಡಿದ್ದಳು. ಬಸವನಗುಡಿಯ ಈ ಪಾರ್ಕಿನವರೆಗೆ ಇಬ್ಬರನ್ನೂ ಹೊರಡಿಸುವಷ್ಟರಲ್ಲಿ ಲಾಸ್ಯಾಗೆ ಸಾಕುಸಾಕಾಗಿತ್ತು.

ತಾತ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದವರು. ನಿನ್ನೆಯಷ್ಟೇ ಅವಳಿಗೆ ದೂರ, ವೇಗ, ಕಾಲದ ಪಾಠ ಹೇಳಿಕೊಟ್ಟಿದ್ದರು. ಅವಳು ಪಕ್ಕಕ್ಕೆ ಬಂದು ಕೂತಳು.

"ತಾತಾ, ಪಾರ್ಕಿನ ಒಂದು ಸುತ್ತು ಆರುನೂರು ಮೀಟರ್. ಅಜ್ಜಿ ನಿಮಿಷಕ್ಕೆ ಅರವತ್ತು ಮೀಟರ್ ನಡೀತಾಳೆ, ನೀವು ನಲವತ್ತು. ಒಟ್ಟಿಗೆ ಒಂದೇ ಕಡೆ ಹೊರಟ್ರೆ ಮತ್ತೆ ಯಾವಾಗ ಸಿಗ್ತೀರ?"

"ಅರವತ್ತರಲ್ಲಿ ನಲವತ್ತು ಕಳಿ. ಇಪ್ಪತ್ತು. ಅರ್ಧ ಗಂಟೆ ಆಗತ್ತೆ." ತಾತ ನೆಲ ನೋಡುತ್ತಲೇ ಅಂದರು. "ನಾನೂ ಅದನ್ನೇ ಹೇಳಿದ್ದು."

"ಎದುರುಬದುರು ಹೊರಟ್ರೆ?"

ತಾತ ನೆಲದಿಂದ ಕಣ್ಣೆತ್ತಿದರು. ಆಮೇಲೆ ಮೆಲ್ಲಗೆ, "ಕೂಡಬೇಕು. ನೂರು. ಆರೇ ನಿಮಿಷ" ಎಂದರು.

ಊರೆಲ್ಲ ಪ್ರದಕ್ಷಿಣೆ ಬರುವ ಹಾಗೆ ಬಲಕ್ಕೆ ಸುತ್ತುವಾಗ ಇವರೊಬ್ಬರು ಅಪ್ರದಕ್ಷಿಣೆ ಬಂದರೆ ನೋಡಿದವರು ಏನಂದಾರು ಎಂದು ಇನ್ನೂ ಅಲ್ಲೇ ನಿಂತಿದ್ದ ಅಜ್ಜಿ ಗೊಣಗಿದಳು.

"ಗಂಡ ಹೆಂಡ್ತಿ ಜಗಳ ಆಡಿದಾರೆ ಅಂತಾರೆ, ಅಂದ್ಕೊಳ್ಳಲಿ ಬಿಡೇ." ತಾತ ಕೋಲೂರಿ ಎದ್ದರು.

ಅಜ್ಜಿ ಎಲ್ಲರ ಹಾಗೆ ಪ್ರದಕ್ಷಿಣೆ ಹೊರಟಳು. ತಾತ ಟಕ್ಕು ಟಕ್ಕೆಂದು ಕೋಲೂರುತ್ತ, ಏಳು ಸಮುದ್ರ ದಾಟಬೇಕಾದವರ ಹಾಗೆ ಎದುರು ದಿಕ್ಕಿಗೆ ಹೊರಟರು. ಬೆಂಚಿನಲ್ಲೇ ಕೂತ ಲಾಸ್ಯಾ ಗಡಿಯಾರ ನೋಡುತ್ತಿದ್ದಳು. ಸರಿಯಾಗಿ ಆರು ನಿಮಿಷಕ್ಕೆ, ಆಚೆ ಬದಿಯ ಹೊಂಗೆ ಮರದ ಕೆಳಗೆ ಇಬ್ಬರೂ ಎದುರಾದರು. ಅಜ್ಜಿ ನಿಲ್ಲಲಿಲ್ಲ, ಮದುವೆ ಮನೆಯಲ್ಲಿ ಕದ್ದು ನೋಡುವ ಹುಡುಗಿಯಂತೆ ಸೆರಗು ಸರಿಮಾಡಿಕೊಂಡು ದಾಟಿಹೋದಳು.

ಲೆಕ್ಕದ ಪ್ರಕಾರವೇ ಹತ್ತನೇ ನಿಮಿಷಕ್ಕೆ ಅಜ್ಜಿ ಸುತ್ತು ಮುಗಿಸಿ ಬೆಂಚು ದಾಟಿದಳು. ತಾತ ಸಿಗಲು ಇನ್ನೂ ಎರಡು ನಿಮಿಷವಿದೆ ಎಂದು ಲಾಸ್ಯಾ ಕೂಗಿ ಹೇಳಿದಳು. ಹೇಳಿ ಒಂದು ನಿಮಿಷವೂ ಆಗಿರಲಿಲ್ಲ, ಮುಂದಿನ ತಿರುವಿನಲ್ಲೇ ತಾತ ಕಾಣಿಸಿದರು.

ಅಜ್ಜಿಯ ನಡಿಗೆ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪಿದ್ದೆಲ್ಲಿ? ಲಾಸ್ಯಾ ಕಿವಿಗೊಟ್ಟಳು. ಟಕ್ಕು ಟಕ್ಕು ಸದ್ದೇ ಇಲ್ಲ.

ತಾತ ಬಿರಬಿರನೆ ಬರುತ್ತಿದ್ದರು, ಕೋಲನ್ನು ಕಂಕುಳಲ್ಲಿ ಇರುಕಿಕೊಂಡು.